ಅರಳುಮರಳಿಗೆ ಹೆಸರು ಸಿಕ್ಕ ಕಥೆ



‘ಅರವತ್ತಕ್ಕೆ ಅರಳುಮರಳು’ ಎಂಬ ಮಾತನ್ನು ನೀವೆಲ್ಲ ಕೇಳಿಯೇ ಇರುತ್ತೀರಿ. ತಿಂಡಿ ತಿಂದು ಹತ್ತು ನಿಮಿಷವಾಗಿಲ್ಲ, ಅಜ್ಜ ‘ಇವತ್ತು ನನಗೆ ಯಾರೂ ತಿಂಡಿ ಕೊಡಲಿಲ್ಲ’ ಎನ್ನುತ್ತಾರೆ. ಅಜ್ಜಿ ಹೆತ್ತ ಮಗನನ್ನೇ ‘ನೀವು ಯಾರ ಪೈಕಿ?’ ಎಂದು ಕೇಳುತ್ತಾರೆ. ಮನೆಯವರು ನಿಟ್ಟುಸಿರು ಬಿಟ್ಟು ‘ವಯಸ್ಸಾಯಿತಲ್ಲ’ ಎಂದು ಸುಮ್ಮನಾಗುತ್ತಾರೆ. ಊರಿನಲ್ಲಾದರೆ ದಾರಿ ತಪ್ಪಿದ ಹಿರಿಯರನ್ನು ಗುರುತಿನವರು ಯಾರಾದರೂ ಕೈಹಿಡಿದು ಮನೆಗೆ ತಂದು ಬಿಡುತ್ತಿದ್ದರು. ಮುಂಬಯಿ, ಪುಣೆ, ದೆಹಲಿಯಂಥ ಊರುಗಳಲ್ಲಿ ಲಿಫ್ಟ್ ಇಳಿದು ಹೊರಟರೆ ದಾರಿಯೂ ಗೊತ್ತಿಲ್ಲ, ಕೇಳೋಣವೆಂದರೆ ಭಾಷೆಯೂ ಬರುವುದಿಲ್ಲ.

‘ವಯಸ್ಸಾಯಿತು’ ಎನ್ನುವುದು ಸಮಾಧಾನದ ಮಾತೇ ಹೊರತು ರೋಗನಿದಾನವಲ್ಲ. ವಯಸ್ಸು ಬೇರೆ, ಕಾಯಿಲೆ ಬೇರೆ ಎಂದು ನಾವು ಇಂದು ಹೇಳಬಲ್ಲೆವು. ಹಾಗೆ ಹೇಳುವ ಧೈರ್ಯ ನಮಗೆ ಬಂದದ್ದು ತೀರಿಕೊಂಡವರ ಮಿದುಳನ್ನು ತೆಳುವಾಗಿ ಕತ್ತರಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದವರಿಂದ. ಈ ವಿದ್ಯೆಗೆ ನ್ಯೂರೋಪೆಥಾಲಜಿ ಎಂದು ಹೆಸರು. ಅದರ ಚರಿತ್ರೆಯಲ್ಲಿ ಬೆಳಕೂ ಇದೆ, ಬಹಳ ಕತ್ತಲೆಯೂ ಇದೆ. ಎರಡನ್ನೂ ನೀವು ತಿಳಿದಿರಬೇಕು.

ಬಣ್ಣದ ಕಾರ್ಖಾನೆಗಳ ಊರಿನಲ್ಲಿ

ಮಿದುಳು ಒಂದೂಕಾಲು ಕಿಲೋ, ಹೆಚ್ಚೆಂದರೆ ಒಂದೂವರೆ ಕಿಲೋ ತೂಗುವ ಅಂಗ. ಹೊಸದಾಗಿ ತೆಗೆದಾಗ ಅದು ಗಟ್ಟಿ ಮೊಸರಿನಷ್ಟು ಮೆತ್ತಗಿರುತ್ತದೆ. ಅದನ್ನು ಚಾಕುವಿನಿಂದ ಸರಿಯಾಗಿ ಕೊಯ್ಯಲು ಬಾರದು. ಹೇಗೋ ಕೊಯ್ದರೂ ಸೂಕ್ಷ್ಮದರ್ಶಕದಲ್ಲಿ ಕಾಣುವುದು ಬಣ್ಣವಿಲ್ಲದ ಮಬ್ಬು ಮಾತ್ರ. ಈ ಎರಡು ತೊಡಕುಗಳೂ ಬಗೆಹರಿದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಬಹುಮಟ್ಟಿಗೆ ಜರ್ಮನಿಯಲ್ಲಿ.

ಫ್ರಾಂಕ್‌ಫರ್ಟ್ ನಗರದ ವೈದ್ಯ ಫರ್ಡಿನಾಂಡ್ ಬ್ಲೂಮ್ ಕ್ರಿಮಿನಾಶಕವೆಂದು ಫಾರ್ಮಾಲಿನ್ ದ್ರಾವಣವನ್ನು ಪರೀಕ್ಷಿಸುತ್ತಿದ್ದರು. ಅದು ತಾಗಿದ ತಮ್ಮ ಬೆರಳುಗಳ ಚರ್ಮವೇ ಗಟ್ಟಿಯಾದದ್ದನ್ನು ಅವರು ಗಮನಿಸಿದರು. ಬೆರಳನ್ನು ಗಟ್ಟಿ ಮಾಡುವುದು ಅಂಗಾಂಶವನ್ನೂ ಗಟ್ಟಿ ಮಾಡಬೇಕಲ್ಲ ಎಂದು ಯೋಚಿಸಿ, 1893ರಲ್ಲಿ ಆ ವಿಧಾನವನ್ನು ಪ್ರಕಟಿಸಿದರು. ಇಂದಿಗೂ ಪ್ರಪಂಚದ ಎಲ್ಲ ಪೆಥಾಲಜಿ ಪ್ರಯೋಗಾಲಯಗಳಲ್ಲಿ ಮೂಗಿಗೆ ಹೊಡೆಯುವ ವಾಸನೆ ಇದರದ್ದೇ. ಕೆಲವು ವಾರ ಫಾರ್ಮಾಲಿನ್‌ನಲ್ಲಿಟ್ಟ ಮಿದುಳು ಪನೀರಿನ ಹಾಗೆ ಗಟ್ಟಿಯಾಗಿ, ಚೆನ್ನಾಗಿ ಕೊಯ್ಯಲು ಬರುತ್ತದೆ.

ಇನ್ನು ಬಣ್ಣ. ಬಟ್ಟೆಗೆ ಹಾಕುವ ಅನಿಲಿನ್ ಬಣ್ಣಗಳ ಕಾರ್ಖಾನೆಗಳು ಆಗ ಜರ್ಮನಿಯ ಹೆಮ್ಮೆ. ಫ್ರಾಂಕ್‌ಫರ್ಟ್ ಪಕ್ಕದ ಹೋಕ್ಸ್ಟ್ ಕಾರ್ಖಾನೆಯೂ 1863ರಲ್ಲಿ ಬಣ್ಣದಿಂದಲೇ ಶುರುವಾದದ್ದು. ಫ್ರಾಂಝ್ ನಿಸ್ಲ್ ಎಂಬ ವೈದ್ಯ ವಿದ್ಯಾರ್ಥಿ 1880ರ ದಶಕದಲ್ಲಿ ಇಂಥ ಬಣ್ಣಗಳನ್ನು ಮಿದುಳಿನ ಪದರಕ್ಕೆ ಹಾಕಿ, ನರಕೋಶಗಳ ಒಡಲು ಎದ್ದು ಕಾಣುವಂತೆ ಮಾಡಿದ. ಅದಕ್ಕೂ ಮುಂಚೆ, 1873ರಲ್ಲಿ, ಇಟಲಿಯ ಕಾಮಿಲ್ಲೊ ಗಾಲ್ಜಿ ಬೆಳ್ಳಿಯ ಲವಣದಿಂದ ಇಡೀ ನರಕೋಶವನ್ನು ರೆಂಬೆಕೊಂಬೆಗಳ ಸಮೇತ ಕಪ್ಪಾಗಿಸಿ ತೋರಿಸಿದ್ದರು. 1900ರ ನಂತರದ ಮೊದಲ ವರ್ಷಗಳಲ್ಲಿ ಬರ್ಲಿನ್ನಿನ ಮ್ಯಾಕ್ಸ್ ಬೀಲ್ಶೋವ್ಸ್ಕಿ ಬೆಳ್ಳಿಯ ಇನ್ನೊಂದು ವಿಧಾನ ಕಂಡುಹಿಡಿದರು. ಕೋಶದ ಒಳಗಿನ ಎಳೆಗಳೂ ಅದರಲ್ಲಿ ಕಾಣುತ್ತಿದ್ದವು. ನಮ್ಮ ಕಥೆಗೆ ಬೇಕಾದ ಸಲಕರಣೆಗಳೆಲ್ಲ ಹೀಗೆ ಕೂಡಿಬಂದವು.

ಆಗಸ್ಟೆ ಎಂಬ ಹೆಂಗಸು

1901ರ ನವೆಂಬರ್ 25ರಂದು ಫ್ರಾಂಕ್‌ಫರ್ಟಿನ ಮಾನಸಿಕ ಆಸ್ಪತ್ರೆಗೆ ರೈಲ್ವೆ ಗುಮಾಸ್ತನೊಬ್ಬನ ಹೆಂಡತಿಯನ್ನು ಸೇರಿಸಿದರು. ಹೆಸರು ಆಗಸ್ಟೆ ಡೇಟರ್, ವಯಸ್ಸು 51. ಗಂಡನ ಮೇಲೆ ವಿನಾಕಾರಣ ಅನುಮಾನ, ವಸ್ತುಗಳನ್ನು ಎಲ್ಲೆಲ್ಲೋ ಬಚ್ಚಿಡುವುದು, ಅಡುಗೆ ಕೆಡಿಸುವುದು ಎಂದು ಶುರುವಾದದ್ದು ಪೂರ್ತಿ ಮರೆವಿಗೆ ತಿರುಗಿತ್ತು. ಅಲ್ಲಿನ ಹಿರಿಯ ವೈದ್ಯ ಅಲೋಯಿಸ್ ಅಲ್ಝೈಮರ್ ಮರುದಿನ ಆಕೆಯ ಎದುರು ಕುಳಿತು ಪ್ರಶ್ನೋತ್ತರಗಳನ್ನು ಬರೆದುಕೊಂಡರು. ನಿಮ್ಮ ಹೆಸರು? ಆಗಸ್ಟೆ. ಮನೆತನದ ಹೆಸರು? ಆಗಸ್ಟೆ. ಗಂಡನ ಹೆಸರು? ಸ್ವಲ್ಪ ಯೋಚಿಸಿ, ಅದೂ ಆಗಸ್ಟೆ ಇರಬೇಕು ಎಂದರು. ಊಟಕ್ಕೆ ಹೂಕೋಸು ಮತ್ತು ಹಂದಿಮಾಂಸ ಕೊಟ್ಟಿದ್ದರು. ಏನು ತಿನ್ನುತ್ತಿದ್ದೀರಿ ಎಂದು ಕೇಳಿದರೆ ಪಾಲಕ್ ಸೊಪ್ಪು ಎಂಬ ಉತ್ತರ. ನಡುನಡುವೆ ಆಕೆ, ನಾನು ನನ್ನನ್ನೇ ಕಳೆದುಕೊಂಡಿದ್ದೇನೆ ಎಂದದ್ದೂ ಆ ದಾಖಲೆಯಲ್ಲಿದೆ.

ಅರವತ್ತೂ ಆಗದ ಹೆಂಗಸಿಗೆ ಅರಳುಮರಳು! ಅಲ್ಝೈಮರ್ ಅವರ ಕುತೂಹಲ ಕೆರಳಿದ್ದೇ ಅಲ್ಲಿ. ಮುಂದೆ ಅವರು ಮ್ಯೂನಿಕ್ ನಗರಕ್ಕೆ ಕೆಲಸ ಬದಲಾಯಿಸಿದರೂ ಆಗಸ್ಟೆಯನ್ನು ಮರೆಯಲಿಲ್ಲ. 1906ರ ಏಪ್ರಿಲ್ 8ರಂದು, 55ನೆಯ ವಯಸ್ಸಿನಲ್ಲಿ, ಆಕೆ ತೀರಿಕೊಂಡಾಗ ಮಿದುಳನ್ನೂ ರೋಗದ ದಾಖಲೆಯನ್ನೂ ಮ್ಯೂನಿಕ್‌ಗೆ ತರಿಸಿಕೊಂಡರು.

ಮಿದುಳು ಕುಗ್ಗಿತ್ತು. ಬೀಲ್ಶೋವ್ಸ್ಕಿಯ ಬೆಳ್ಳಿ ಹಾಕಿ ನೋಡಿದಾಗ, ಹಲವು ನರಕೋಶಗಳ ಒಳಗೆ ನೂಲು ಸಿಕ್ಕುಬಿದ್ದಂತೆ ದಪ್ಪ ಎಳೆಗಳ ಗಂಟುಗಳು. ಕೆಲವು ಕಡೆ ಕೋಶವೇ ಸತ್ತುಹೋಗಿ ಗಂಟು ಮಾತ್ರ ಉಳಿದಿತ್ತು. ಕೋಶಗಳ ನಡುನಡುವೆ ಯಾವುದೋ ವಸ್ತು ಕೂಡಿಕೊಂಡು ಆದ ಸಣ್ಣ ಸಣ್ಣ ಚಕ್ಕೆಗಳು. ಅದೇ ವರ್ಷದ ನವೆಂಬರ್‌ನಲ್ಲಿ ಟ್ಯೂಬಿಂಗೆನ್ ಊರಿನ ವೈದ್ಯರ ಸಭೆಯಲ್ಲಿ ಅಲ್ಝೈಮರ್ ಇದನ್ನೆಲ್ಲ ವಿವರಿಸಿದರು. ಸಭಿಕರಲ್ಲಿ ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. 1910ರಲ್ಲಿ ಅವರ ಹಿರಿಯ ಸಹೋದ್ಯೋಗಿ ಎಮಿಲ್ ಕ್ರೇಪಲಿನ್ ತಮ್ಮ ಪಠ್ಯಪುಸ್ತಕದಲ್ಲಿ ಈ ಕಾಯಿಲೆಗೆ ಅಲ್ಝೈಮರ್ ಹೆಸರನ್ನೇ ಇಟ್ಟರು.

ಅರವತ್ತು ವರ್ಷಗಳ ಮರೆವು

ಇಲ್ಲಿಗೆ ಕಥೆ ಮುಗಿಯಿತು ಎಂದುಕೊಳ್ಳಬೇಡಿ. ಕ್ರೇಪಲಿನ್ ಇಟ್ಟ ಹೆಸರು ಮಧ್ಯವಯಸ್ಕರಿಗೆ ಬರುವ ಅಪರೂಪದ ಕಾಯಿಲೆಯ ಹೆಸರಾಗಿ ಉಳಿಯಿತು. ಎಪ್ಪತ್ತು ಎಂಬತ್ತು ದಾಟಿದವರ ಮರೆವು ಮಾತ್ರ ವಯಸ್ಸಿನ ಸಹಜ ಧರ್ಮ ಎಂದೇ ವೈದ್ಯರೂ ಭಾವಿಸಿದರು. ಪ್ರಾಗ್ ನಗರದ ಆಸ್ಕರ್ ಫಿಷರ್ 1907ರಲ್ಲೇ, ಮರೆವಿನಿಂದ ಸತ್ತ ವೃದ್ಧರ ಮಿದುಳುಗಳಲ್ಲಿ ಅದೇ ಚಕ್ಕೆಗಳನ್ನು ತೋರಿಸಿದ್ದರು. ಆದರೆ ಅವರ ಮಾತು ಮೂಲೆ ಸೇರಿತು.

ಅದನ್ನು ಮತ್ತೆ ಎತ್ತಿಕೊಂಡದ್ದು ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದ ಮೂವರು ವೈದ್ಯರು: ಬ್ಲೆಸೆಡ್, ಟಾಮ್ಲಿನ್‌ಸನ್ ಮತ್ತು ರಾತ್. ಇವರ ಉಪಾಯ ಸರಳ. ವೃದ್ಧರು ಬದುಕಿದ್ದಾಗಲೇ ಅವರ ನೆನಪು, ದಿನನಿತ್ಯದ ಕೆಲಸಗಳನ್ನು ಪರೀಕ್ಷಿಸಿ ಅಂಕ ಹಾಕಿಟ್ಟರು. ಅವರು ತೀರಿಕೊಂಡ ಮೇಲೆ ಮಿದುಳಿನ ಚಕ್ಕೆಗಳನ್ನು ಎಣಿಸಿದರು. ಮರೆವು ಹೆಚ್ಚಿದ್ದವರಲ್ಲಿ ಚಕ್ಕೆಗಳೂ ಹೆಚ್ಚು ಎಂಬುದು 1968ರಲ್ಲಿ ಪ್ರಕಟವಾಯಿತು. 1976ರಲ್ಲಿ ಅಮೆರಿಕದ ರಾಬರ್ಟ್ ಕಾಟ್ಜ್‌ಮನ್, ಐವತ್ತರ ಆಗಸ್ಟೆಗೆ ಬಂದದ್ದೂ ಎಂಬತ್ತರ ಅಜ್ಜಿಗೆ ಬರುವುದೂ ಒಂದೇ ಕಾಯಿಲೆ, ಇದು ಅಪರೂಪವಲ್ಲ, ದೊಡ್ಡ ಕೊಲೆಗಾರ ಎಂದು ಬರೆದರು. ಅರಳುಮರಳು ವಯಸ್ಸಿನ ಲೆಕ್ಕದಿಂದ ಕಾಯಿಲೆಯ ಲೆಕ್ಕಕ್ಕೆ ಬಂದದ್ದು ಹೀಗೆ, ಗಾಜಿನ ಪಟ್ಟಿಯ ಮೇಲಿನ ಚಕ್ಕೆಗಳನ್ನು ಒಂದೊಂದಾಗಿ ಎಣಿಸಿದ ತಾಳ್ಮೆಯಿಂದ.

ಕೇಳದೆ ತೆಗೆದ ಮಿದುಳುಗಳು

ಈಗ ಕತ್ತಲೆಯ ಭಾಗ. ಯಹೂದಿಯಾಗಿದ್ದ ಆಸ್ಕರ್ ಫಿಷರ್ 1942ರಲ್ಲಿ ನಾಜಿಗಳ ತೆರೆಜಿನ್ ಸೆರೆಮನೆಯಲ್ಲಿ ಸತ್ತರು. ಅದೇ ಕಾಲದಲ್ಲಿ ನಾಜಿ ಸರ್ಕಾರ ಮಾನಸಿಕ ರೋಗಿಗಳನ್ನೂ ಬುದ್ಧಿಮಾಂದ್ಯ ಮಕ್ಕಳನ್ನೂ ‘ದಯಾಮರಣ’ ಎಂಬ ಸುಳ್ಳು ಹೆಸರಿನಲ್ಲಿ ಕೊಲ್ಲುತ್ತಿತ್ತು. 1940 ಮತ್ತು 1941ರಲ್ಲಿ ವಿಷಾನಿಲದ ಕೋಣೆಗಳಲ್ಲೇ 70,000ಕ್ಕೂ ಹೆಚ್ಚು ರೋಗಿಗಳನ್ನು ಕೊಂದರು. ಬರ್ಲಿನ್ನಿನ ಪ್ರಸಿದ್ಧ ಮಿದುಳು ಸಂಶೋಧನಾ ಸಂಸ್ಥೆಯ ಯೂಲಿಯಸ್ ಹಾಲರ್‌ವೋರ್ಡನ್ ಹೀಗೆ ಕೊಂದವರ ನೂರಾರು ಮಿದುಳುಗಳನ್ನು ತರಿಸಿಕೊಂಡು ಅಧ್ಯಯನ ಮಾಡಿದರು. ಯುದ್ಧ ಮುಗಿದ ಮೇಲೆ ಅವರಿಗೆ ಶಿಕ್ಷೆಯಾಗಲಿಲ್ಲ. ಆ ಗಾಜಿನ ಪಟ್ಟಿಗಳು ದಶಕಗಳ ಕಾಲ ಸಂಗ್ರಹದಲ್ಲೇ ಇದ್ದವು. 1990ರಲ್ಲಿ ಅವನ್ನು ಮ್ಯೂನಿಕ್‌ನ ಸ್ಮಶಾನವೊಂದರಲ್ಲಿ ಹೂಳಿ ಸ್ಮಾರಕ ನಿಲ್ಲಿಸಲಾಯಿತು. ಹಾಲರ್‌ವೋರ್ಡನ್ ಮತ್ತು ಸ್ಪಾಟ್ಸ್ ಇಬ್ಬರ ಹೆಸರು ಹೊತ್ತಿದ್ದ ಒಂದು ಕಾಯಿಲೆಗೆ ವೈದ್ಯಲೋಕ ಬೇರೆ ಹೆಸರು ಕೊಟ್ಟಿದೆ.

ಇದನ್ನು ಯಾಕೆ ಹೇಳಿದೆನೆಂದರೆ, ಸೂಕ್ಷ್ಮದರ್ಶಕದ ಕೆಳಗೆ ಇಬ್ಬರ ಮಿದುಳೂ ಒಂದೇ ಥರ ಕಾಣುತ್ತದೆ, ಕೊಟ್ಟವರದ್ದೂ, ಕಿತ್ತುಕೊಂಡವರದ್ದೂ. ವ್ಯತ್ಯಾಸವಿರುವುದು ಒಪ್ಪಿಗೆಯಲ್ಲಿ. ಅದನ್ನು ಯಾವ ಬಣ್ಣವೂ ತೋರಿಸುವುದಿಲ್ಲ.

ನಮ್ಮ ನೆಲದಲ್ಲಿ

ಭಾರತದ ಮಿದುಳುಗಳ ಕಥೆಯೇ ಬೇರೆ. ಮುಂಬಯಿ ಕೇಳುಗರಿಗೆ ಜೆ.ಜೆ. ಆಸ್ಪತ್ರೆ ಗೊತ್ತಿರುತ್ತದೆ. ಅಲ್ಲಿನ ಡಾ. ಡಿ. ಕೆ. ದಸ್ತೂರ್ ಕ್ಷಯ ಮಿದುಳಿಗೆ ಏರಿದಾಗ ಮಕ್ಕಳಲ್ಲಿ ಏನಾಗುತ್ತದೆ ಎಂಬುದನ್ನು ಅಂಗಾಂಶ ಪರೀಕ್ಷೆಯಿಂದ ವಿವರಿಸಿದರು. ಡಾ. ಉದಾನಿ ಅವರೊಡನೆ 1966ರಲ್ಲಿ ಪ್ರಕಟಿಸಿದ ಲೇಖನ ಇಂದಿಗೂ ಈ ವಿಷಯದ ಮೂಲಪಾಠ. ಇಂಥ ಪಾಠ ಪಶ್ಚಿಮದ ಪುಸ್ತಕಗಳಲ್ಲಿ ಸಿಗುವಂಥದ್ದಲ್ಲ.

ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್ ಸಂಸ್ಥೆಯಲ್ಲಿ 1995ರಲ್ಲಿ ಡಾ. ಎಸ್. ಕೆ. ಶಂಕರ್ ಅವರ ನೇತೃತ್ವದಲ್ಲಿ ಮಿದುಳು ಬ್ಯಾಂಕ್ ಶುರುವಾಯಿತು. ಮನೆಯವರ ಒಪ್ಪಿಗೆಯಿಂದ ಬಂದ ಮಿದುಳುಗಳನ್ನು ಇಲ್ಲಿ ಸಂಶೋಧನೆಗಾಗಿ ಕಾಪಾಡುತ್ತಾರೆ. ಇಂಥ ಬ್ಯಾಂಕುಗಳಲ್ಲಿ ಸಾಮಾನ್ಯವಾಗಿ ಒಂದು ಭಾಗ ಫಾರ್ಮಾಲಿನ್‌ಗೆ, ಇನ್ನೊಂದು ಭಾಗ ಸೊನ್ನೆಗಿಂತ 80 ಡಿಗ್ರಿ ಕೆಳಗಿನ ಶೀತಲ ಪೆಟ್ಟಿಗೆಗೆ ಹೋಗುತ್ತದೆ. ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿ ಲಾಡಿಹುಳುವಿನ ಗುಳ್ಳೆಗಳು ತುಂಬಿದ ಮಿದುಳು, ಅಪಘಾತದಲ್ಲಿ ಜಜ್ಜಿದ ಮಿದುಳು, ಮರೆವಿನಲ್ಲಿ ಕುಗ್ಗಿದ ಮಿದುಳು, ಎಲ್ಲವನ್ನೂ ಸಾರ್ವಜನಿಕರು ನೋಡಬಹುದು. ಮುಂದಿನ ಸಲ ಊರಿಗೆ ಹೋದಾಗ ವೇಳೆ ವಿಚಾರಿಸಿಕೊಂಡು ಮಕ್ಕಳನ್ನು ಕರೆದುಕೊಂಡು ಹೋಗಿ. ಹೆಲ್ಮೆಟ್ ಯಾಕೆ ಹಾಕಬೇಕು ಎಂದು ಆಮೇಲೆ ನೀವು ಹೇಳಬೇಕಾಗಿಲ್ಲ.

ಸ್ಕ್ಯಾನ್ ಇರುವಾಗ ಸತ್ತವರ ಮಿದುಳು ಯಾಕೆ ಎಂದು ನೀವು ಕೇಳಬಹುದು. ಬದುಕಿರುವವರ ಮಿದುಳಿನ ಚಕ್ಕೆಗಳನ್ನು ತೋರಿಸುವ ಪೆಟ್ ಸ್ಕ್ಯಾನಿನ ಔಷಧಕ್ಕೆ 2012ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದು ಸಿಕ್ಕಿದ್ದು, ಕೊನೆಗಾಲದಲ್ಲಿದ್ದ ರೋಗಿಗಳು ಸ್ಕ್ಯಾನಿಗೂ ಒಪ್ಪಿ, ತೀರಿಕೊಂಡ ಮೇಲೆ ಶವಪರೀಕ್ಷೆಗೂ ಒಪ್ಪಿದ್ದರಿಂದ. ಸ್ಕ್ಯಾನ್ ನಿಜ ಹೇಳುತ್ತಿದೆಯೇ ಎಂಬುದಕ್ಕೆ ಸಾಕ್ಷಿ ಕೊನೆಗೂ ಅಂಗಾಂಶವೇ. 2023ರಲ್ಲಿ ಅಲ್ಲಿ ಪೂರ್ಣ ಅನುಮತಿ ಪಡೆದ ಲೆಕಾನೆಮ್ಯಾಬ್ ಎಂಬ ಔಷಧ ಅಲ್ಝೈಮರ್ ಕಂಡ ಆ ಚಕ್ಕೆಗಳನ್ನೇ ಕರಗಿಸುತ್ತದೆ. ಕಾಯಿಲೆಯ ವೇಗ ಸ್ವಲ್ಪ ತಗ್ಗುತ್ತದೆ, ಗುಣವಾಗುವುದಿಲ್ಲ. ಹುಡುಕುವುದು ಇನ್ನೂ ಬಹಳ ಇದೆ.

ನಮ್ಮ ಜನ ಕೊಡುವುದರಲ್ಲಿ ಹಿಂದೆ ಬಿದ್ದವರಲ್ಲ. 2006ರಲ್ಲಿ ಡಾ. ರಾಜ್‌ಕುಮಾರ್, 2021ರಲ್ಲಿ ಪುನೀತ್ ರಾಜ್‌ಕುಮಾರ್ ಕಣ್ಣು ಕೊಟ್ಟುಹೋದರು. ಅವರನ್ನು ನೋಡಿ ಎಷ್ಟೋ ಮನೆಗಳವರು ನೇತ್ರದಾನಕ್ಕೆ ಮುಂದಾದರು. ಮಿದುಳಿನ ವಿಷಯಕ್ಕೆ ಬಂದರೆ ಮಾತ್ರ ಮನಸ್ಸು ಹಿಂಜರಿಯುತ್ತದೆ. ಮುಖ ವಿಕಾರವಾಗುತ್ತದೆಯೋ, ಸಂಸ್ಕಾರಕ್ಕೆ ಅಡ್ಡಿಯೋ ಎಂಬ ಅಳುಕು ಸಹಜ. ತಲೆಯ ಹಿಂಬದಿಯಲ್ಲಿ, ಕೂದಲ ಮರೆಯಲ್ಲಿ ಕೊಯ್ದು ತೆಗೆದು ಹೊಲಿಯುವುದರಿಂದ ಮುಖ ಇದ್ದ ಹಾಗೆಯೇ ಇರುತ್ತದೆ. ದೇಹವನ್ನು ಅಂತ್ಯಕ್ರಿಯೆಗೆ ಮನೆಯವರಿಗೇ ಕೊಡುತ್ತಾರೆ. ಮನಸ್ಸಿದ್ದರೆ ನಿಮ್ಮ ಊರಿನ ದೊಡ್ಡ ಬೋಧನಾ ಆಸ್ಪತ್ರೆಯ ನರರೋಗ ವಿಭಾಗದಲ್ಲಿ ಮೊದಲೇ ವಿಚಾರಿಸಿಡಿ. ಹೊತ್ತು ಕಳೆದಂತೆ ಅಂಗಾಂಶ ಕೆಡುತ್ತದೆ. ನೀವು ಇಚ್ಛೆಯನ್ನು ಬರೆದಿಟ್ಟರೂ ಆ ದುಃಖದ ಗಳಿಗೆಯಲ್ಲಿ ಫೋನ್ ಮಾಡಬೇಕಾದವರು ಮನೆಯವರು. ಹಾಗಾಗಿ ಇದು ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಆಡಬೇಕಾದ ಮಾತು.

ಕೊಡುವುದು, ಬಿಡುವುದು ನಿಮ್ಮ ಇಷ್ಟ. ಅಷ್ಟು ದೂರ ಹೋಗದಿದ್ದರೂ ಒಂದು ಕೆಲಸವನ್ನು ಇವತ್ತೇ ಮಾಡಬಹುದು. ಮನೆಯ ಹಿರಿಯರು ಕೇಳಿದ್ದನ್ನೇ ಕೇಳತೊಡಗಿದಾಗ ‘ವಯಸ್ಸಾಯಿತು’ ಎಂದು ಕೈಚೆಲ್ಲಬೇಡಿ. ಒಮ್ಮೆ ನರರೋಗ ತಜ್ಞರಿಗೆ ತೋರಿಸಿ. ಥೈರಾಯ್ಡ್ ತೊಂದರೆಯಿಂದಲೋ ಬಿ12 ಜೀವಸತ್ವದ ಕೊರತೆಯಿಂದಲೋ ಬಂದ ಮರೆವಾದರೆ ಚಿಕಿತ್ಸೆಯಿಂದ ಸುಧಾರಿಸಬಹುದು. ಅಲ್ಝೈಮರ್ ಕಾಯಿಲೆಯೇ ಆದರೂ, ಅವರು ಬೇಕೆಂದು ಹಟ ಮಾಡುತ್ತಿಲ್ಲ ಎಂಬುದು ನಿಮಗೆ ತಿಳಿದಿರುತ್ತದೆ. ಅಷ್ಟು ತಿಳಿದರೆ ಹತ್ತನೆಯ ಸಲ ಅದೇ ಪ್ರಶ್ನೆ ಬಂದಾಗಲೂ ಸಿಡುಕದೆ ಉತ್ತರ ಕೊಡುವುದು ಸ್ವಲ್ಪ ಸುಲಭವಾಗುತ್ತದೆ.