ಹೊರಗೆ ಹಿಮ, ಮೇಜಿನ ಮೇಲೆ ಮೃಗಶಿರ



ನಿಮ್ಮ ಮನೆಯಲ್ಲಿ ಹದಿಹರೆಯದ ಮಕ್ಕಳಿದ್ದರೆ ಈ ದೃಶ್ಯ ನಿಮಗೂ ಗೊತ್ತಿರಬಹುದು. ಶುಕ್ರವಾರ ಸಂಜೆ ಐದಾರು ಮಕ್ಕಳು ಬೂಟಿನ ಹಿಮ ಕೊಡವಿಕೊಂಡು ಒಳಗೆ ಬರುತ್ತಾರೆ, ಸೀದಾ ಬೇಸ್‌ಮೆಂಟಿಗೆ ಇಳಿಯುತ್ತಾರೆ. ಇಪ್ಪತ್ತು ಮುಖದ ದಾಳ, ಪೆನ್ಸಿಲ್ಲು, ಕೈಯಲ್ಲೇ ಬರೆದ ನಕ್ಷೆ. ಒಬ್ಬಳು ಮಾಂತ್ರಿಕಳು, ಒಬ್ಬ ಕಳ್ಳ, ಇನ್ನೊಬ್ಬ ಯೋಧ. ಯಾರೂ ವೇಷ ಹಾಕುವುದಿಲ್ಲ, ಕುಳಿತಲ್ಲಿಂದ ಏಳುವುದೂ ಇಲ್ಲ. ಮಾತಿನಲ್ಲೇ ಕಾಡು ದಾಟುತ್ತಾರೆ, ಮಾತಿನಲ್ಲೇ ಯುದ್ಧ ಮಾಡುತ್ತಾರೆ. ಮೊದಲ ಸಲ ಚಕ್ಕುಲಿ ತಟ್ಟೆ ಹಿಡಿದು ಕೆಳಗಿಳಿದಾಗ ನನಗನ್ನಿಸಿದ್ದು ಇಷ್ಟೇ: ಅಯ್ಯೋ, ಇದು ನಮ್ಮ ತಾಳಮದ್ದಳೆಯಲ್ಲವೇ!

ಮಲೆನಾಡು, ಕರಾವಳಿಯವರಿಗೆ ನಾನು ವಿವರಿಸಬೇಕಿಲ್ಲ. ಉಳಿದವರಿಗಾಗಿ ಒಂದು ಮಾತು. ಯಕ್ಷಗಾನದ ಮೇಳಗಳು ಮೇ ಕೊನೆಯ ಹೊತ್ತಿಗೆ ಗೆಜ್ಜೆ ಬಿಚ್ಚಿದರೆ ಮತ್ತೆ ಕಟ್ಟುವುದು ದೀಪಾವಳಿಯ ಆಸುಪಾಸಿಗೆ. ನಡುವೆ ಜಡಿಮಳೆ, ಬಯಲಿನಲ್ಲಿ ಆಟವಿಲ್ಲ. ಆಗ ಮನೆಯ ಜಗಲಿಯಲ್ಲೋ ದೇವಸ್ಥಾನದಲ್ಲೋ ಭಾಗವತರು ಪದ ಹೇಳುತ್ತಾರೆ. ಅರ್ಥಧಾರಿಗಳು ಪಂಚೆ, ಶರ್ಟಿನಲ್ಲೇ ಕುಳಿತು ಕರ್ಣನಾಗುತ್ತಾರೆ, ಕೃಷ್ಣನಾಗುತ್ತಾರೆ. ಎದುರಿನವರು ಏನು ಕೇಳುತ್ತಾರೋ ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ. ಮಳೆಗಾಲ ಇಲ್ಲದಿದ್ದರೆ ತಾಳಮದ್ದಳೆ ಇಷ್ಟು ಬೆಳೆಯುತ್ತಿತ್ತೇ ಎಂದು ನನಗೆ ಅನುಮಾನ.

ಮಕ್ಕಳ ಆಟದ ಮೂಲ ಹುಡುಕಹೊರಟರೆ ಅದು ಸಿಕ್ಕಿದ್ದು ನಾವಿರುವ ಮಿನ್ನೆಸೋಟದಲ್ಲೇ, ಅದೂ ಬೇಸ್‌ಮೆಂಟಿನಲ್ಲೇ! 1970ರ ದಶಕದ ಆರಂಭದಲ್ಲಿ ಸೇಂಟ್ ಪಾಲ್‌ನಲ್ಲಿ ಡೇವ್ ಆರ್ನೆಸನ್ ಎಂಬ ತರುಣ ಗೆಳೆಯರನ್ನು ಕೂರಿಸಿಕೊಂಡು 'ಬ್ಲ್ಯಾಕ್‌ಮೂರ್' ಎಂಬ ಕೋಟೆಯ ಕಥೆ ಆಡಿಸುತ್ತಿದ್ದರು. ಪಕ್ಕದ ವಿಸ್ಕಾನ್ಸಿನ್‌ನ ಲೇಕ್ ಜಿನೀವಾದಲ್ಲಿದ್ದ ಗ್ಯಾರಿ ಗೈಗ್ಯಾಕ್ಸ್ ಅವರಿಗೂ ಅದನ್ನು ಆಡಿ ತೋರಿಸಿದರು. ಇಬ್ಬರ ಹೆಸರಿನಲ್ಲಿ 1974ರಲ್ಲಿ 'ಡಂಜನ್ಸ್ ಅಂಡ್ ಡ್ರಾಗನ್ಸ್' ಹೊರಬಂತು. ಒಂದು ಪೆಟ್ಟಿಗೆ, ಮೂರು ಸಣ್ಣ ಪುಸ್ತಕ, ಮೊದಲ ಮುದ್ರಣ ಬರೀ 1,000 ಪ್ರತಿ.

ಇಷ್ಟು ಚಳಿಯ ಸೀಮೆಯಲ್ಲಿ ಹುಟ್ಟಿದ ಆಟದಲ್ಲಿ ಋತುವಿಗೆ ಹೆಚ್ಚಿನ ಜಾಗವಿರಲಿಲ್ಲ ಎನ್ನುವುದೇ ತಮಾಷೆ. ಕಾರಣ ಹೆಸರಿನಲ್ಲೇ ಇದೆ. ಡಂಜನ್ ಎಂದರೆ ನೆಲದಡಿಯ ಕತ್ತಲೆ. ಅಲ್ಲಿ ಲೆಕ್ಕಕ್ಕೆ ಬರುವುದು ಪಂಜು ಎಷ್ಟು ಹೊತ್ತು ಉರಿದೀತು ಎಂಬುದು. ಮೇಲೆ ಸುಗ್ಗಿಯೋ ಹಿಮವೋ ಯಾರಿಗೆ ಬೇಕು? ಆಮೇಲೆ 1979ರ ಮಾರ್ಗದರ್ಶಿ ಪುಸ್ತಕದಲ್ಲಿ ಗೈಗ್ಯಾಕ್ಸ್, ಆಟದೊಳಗಿನ ದಿನಗಳ ಲೆಕ್ಕವನ್ನು ಕಟ್ಟುನಿಟ್ಟಾಗಿ ಇಡಲೇಬೇಕೆಂದು ಪಟ್ಟುಹಿಡಿದರು. 1983ರಲ್ಲಿ ಬಂದ ಅವರ 'ಗ್ರೇಹಾಕ್' ಲೋಕದ ಪೆಟ್ಟಿಗೆಯಲ್ಲಿ 28 ದಿನಗಳ 12 ತಿಂಗಳು, ನಡುನಡುವೆ ಒಂದೊಂದು ವಾರದ ನಾಲ್ಕು ಹಬ್ಬಗಳಿರುವ ಪಂಚಾಂಗವೇ ಇತ್ತು. ದಾಳ ಉರುಳಿಸಿ ಮಳೆ, ಗಾಳಿ ತಿಳಿದುಕೊಳ್ಳುವ ಕೋಷ್ಟಕಗಳೂ ಇದ್ದವು.

ಆ ಕೋಷ್ಟಕ ನೋಡಿದಾಗ ನನ್ನ ಎಂ.ಎ. ದಿನಗಳು ನೆನಪಾದವು. ಮಹಾಕಾವ್ಯವೆಂದ ಮೇಲೆ ಹದಿನೆಂಟು ವರ್ಣನೆ ಇರಲೇಬೇಕು, ಅದರಲ್ಲಿ ಋತುವರ್ಣನೆಯೂ ಒಂದು ಎಂದು ನಾವು ಉರು ಹೊಡೆಯುತ್ತಿದ್ದೆವು. ಕೆಲವು ಕವಿಗಳಲ್ಲಿ ಅದು ಬರೀ ಲೆಕ್ಕ ಭರ್ತಿ. ಈ ಹವಾಮಾನ ಕೋಷ್ಟಕವೂ ಹಾಗೆಯೇ. ಇವತ್ತು ಮೋಡ, ನಾಳೆ ತುಂತುರು ಎಂದರೆ ಕಥೆಯಲ್ಲಿ ಏನೂ ಕದಲುವುದಿಲ್ಲ.

ಕದಲಿಸಿದವರು ಗ್ರೆಗ್ ಸ್ಟ್ಯಾಫರ್ಡ್. 1985ರ ಅವರ 'ಪೆಂಡ್ರಾಗನ್' ಆರ್ಥರ್ ರಾಜನ ಕಾಲದ ವೀರರ ಆಟ. ಅಲ್ಲಿ ಸಾಮಾನ್ಯವಾಗಿ ವರ್ಷಕ್ಕೊಂದೇ ಸಾಹಸ. ಅದು ಮುಗಿದ ಮೇಲೆ ಚಳಿಗಾಲದ ಸರದಿ. ವೀರ ಮನೆಗೆ ಮರಳುತ್ತಾನೆ. ಕುದುರೆ ಉಳಿಯಿತೇ? ಮದುವೆಯಾಯಿತೇ, ಮಗು ಹುಟ್ಟಿತೇ, ಹುಟ್ಟಿದ್ದು ಬದುಕಿತೇ? ಎಲ್ಲಕ್ಕೂ ದಾಳ. ಮೂವತ್ತೈದು ದಾಟಿದವನಿಗೆ ಮುಪ್ಪಿನ ದಾಳ ಬೇರೆ. ಪ್ರತಿ ಚಳಿಗಾಲವೂ ತೋಳಿನ ಬಲವನ್ನೋ ಮೈಯ ಕಸುವನ್ನೋ ಒಂದಿಷ್ಟು ಕಸಿಯಬಹುದು. ಅವನು ಸತ್ತರೆ ಮಗನನ್ನು ಹಿಡಿದು ಆಟ ಮುಂದುವರಿಸಬೇಕು. ನಲವತ್ತು ದಾಟಿದ ನನಗೆ ಈ ನಿಯಮ ಓದುವಾಗ ಯಾಕೋ ನಗು ಬರಲಿಲ್ಲ. ಊರಿನಲ್ಲಿ ಎಪ್ಪತ್ತೆಂಟರ ಅಮ್ಮ ಇದ್ದಾಳೆ. ನಾನು ಹೋಗುವುದು ಎರಡು ವರ್ಷಕ್ಕೊಮ್ಮೆ, ಹೋದಾಗಲೆಲ್ಲ ಎರಡು ಚಳಿಗಾಲದ ದಾಳ ಒಟ್ಟಿಗೆ ಬಿದ್ದಂತೆ ಕಾಣುತ್ತಾಳೆ.

ಇದಾದ ಎರಡೇ ವರ್ಷಕ್ಕೆ, 1987ರಲ್ಲಿ, 'ಆರ್ಸ್ ಮ್ಯಾಜಿಕಾ' ಬಂತು. ಇದೂ ಮಿನ್ನೆಸೋಟದ್ದೇ, ನಾರ್ತ್‌ಫೀಲ್ಡ್‌ನ ಸೇಂಟ್ ಓಲಾಫ್ ಕಾಲೇಜಿನ ಬಳಗದಲ್ಲಿದ್ದ ಜೊನಾಥನ್ ಟ್ವೀಟ್ ಮತ್ತು ಮಾರ್ಕ್ ರೈನ್-ಹಾಗನ್ ಮಾಡಿದ್ದು. ಮಾಂತ್ರಿಕನ ಬದುಕನ್ನು ಇಲ್ಲಿ ಋತುಗಳಲ್ಲೇ ಅಳೆಯುತ್ತಾರೆ. ಒಂದು ಋತುವಿಗೆ ಒಂದು ಕೆಲಸ: ಗ್ರಂಥ ಓದಬಹುದು, ಹೊಸ ಮಂತ್ರ ಕಟ್ಟಬಹುದು, ಇಲ್ಲವೇ ಶಿಷ್ಯನಿಗೆ ಕಲಿಸಬಹುದು. ಶಿಷ್ಯನಿಗೆ ಕೊಟ್ಟ ಋತು ನಿಮ್ಮ ಓದಿಗೆ ಇಲ್ಲ. ತಾಯಂದಿರು ಯಾರಾದರೂ ಈ ನಿಯಮ ಬರೆಯಲು ಕೂತಿದ್ದರೆ ಇನ್ನೂ ಖಡಕ್ಕಾಗಿ ಬರೆಯುತ್ತಿದ್ದರೇನೋ!

ಇಷ್ಟೆಲ್ಲ ಓದಿ ತಲೆಗೆ ಹುಳ ಬಿಟ್ಟುಕೊಂಡೆ. ಭಾನುವಾರದ ಕನ್ನಡ ತರಗತಿಯಲ್ಲಿ ಆರು ಋತುಗಳ ಹೆಸರನ್ನು ಮಕ್ಕಳಿಂದ ಹೇಳಿಸುತ್ತೇನೆ. ಅವರು ವಸಂತ ಎನ್ನುವಾಗ ಕಿಟಕಿಯಾಚೆ ಹಿಮ ಸರಿಸುವ ಗಾಡಿ ಹೋಗುತ್ತಿರುತ್ತದೆ. ಪಾಪ, ಅವರಿಗೆ ಅದು ಬಾಯಿಪಾಠ. ಇದನ್ನು ಆಟದೊಳಗೆ ತಂದರೆ ಹೇಗೆ?

ಕೈಗೆ ಸಿಕ್ಕಿದ್ದು ಕೆನಡಾದ ಏವರಿ ಆಲ್ಡರ್ ಅವರ 'ದಿ ಕ್ವಯಟ್ ಇಯರ್', 2013ರದ್ದು. ಎಲ್ಲರೂ ಸೇರಿ ಒಂದು ಊರಿನ ನಕ್ಷೆ ಬರೆಯುತ್ತಾ ಅದರ ಒಂದು ವರ್ಷ ಆಡುತ್ತಾರೆ. 52 ಇಸ್ಪೀಟು ಎಲೆ, ಎಲೆಗೊಂದು ವಾರ. ಹಾರ್ಟ್ ವಸಂತ, ಡೈಮಂಡ್ ಬೇಸಿಗೆ, ಹೀಗೆ ಬಣ್ಣಕ್ಕೊಂದು ಋತು. ಸ್ಪೇಡಿನ ರಾಜ ಬಂದರೆ ಆಟ ಮುಗಿಯಿತು.

ಕಳೆದ ಫೆಬ್ರುವರಿಯಲ್ಲಿ ಒಂದು ಶುಕ್ರವಾರ ನಾವು ನಾಲ್ಕು ಋತು ಬಿಟ್ಟು ಮಳೆ ನಕ್ಷತ್ರ ಹಿಡಿದೆವು. ಸೂರ್ಯ ಒಂದು ನಕ್ಷತ್ರದಲ್ಲಿರುವುದು ಹದಿಮೂರು-ಹದಿನಾಲ್ಕು ದಿನ, ಅಂದರೆ ಹೆಚ್ಚುಕಡಿಮೆ ಎರಡು ಎಲೆ. ಅಶ್ವಿನಿಯಿಂದ ಶುರು. ಇಪ್ಪತ್ತೇಳು ನಕ್ಷತ್ರದಲ್ಲಿ ರೇವತಿಗೆ ಎಲೆ ಸಾಲಲಿಲ್ಲ, ಹೋಗಲಿ ಬಿಡಿ. ರೋಹಿಣಿಯವರೆಗೆ ಮಕ್ಕಳು ಗೋಡೆ ಕಟ್ಟಿದರು, ಜಗಳವಾಡಿದರು. ಮೃಗಶಿರ ಬಂದಾಗ, ಜೂನ್ ಮೊದಲ ವಾರದ ಹೊತ್ತು, ನಾನು ಕೇಳಿದೆ: ಸಸಿಮಡಿಗೆ ಬೀಜ ಹಾಕಿದಿರಾ? ಎಲ್ಲರೂ ಮುಖ ಮುಖ ನೋಡಿಕೊಂಡರು. ಸಸಿಮಡಿ ಎಂದರೇನು? ಯಾವ ಮಳೆಗೆ ಏನು ಮಾಡಬೇಕು? ನನಗೂ ಪೂರ್ತಿ ನೆನಪಿರಲಿಲ್ಲ ಅನ್ನಿ. ತೀರ್ಥಹಳ್ಳಿ ಬಿಟ್ಟು ಎಷ್ಟು ವರ್ಷವಾಯಿತು!

ಮಗಳು ಅಜ್ಜಿಗೆ ಫೋನ್ ಮಾಡಿದಳು. ಅಲ್ಲಿ ಬೆಳಗಿನ ಕಾಫಿ ಹೊತ್ತು. ಇವರಿಬ್ಬರ ಮಾತು 'ಊಟ ಆಯ್ತಾ, ಸ್ಕೂಲು ಹೇಗಿದೆ' ಎನ್ನುವುದನ್ನು ದಾಟಿದ್ದನ್ನು ನಾನು ಕಂಡಿರಲಿಲ್ಲ. ಅವತ್ತು ನಲವತ್ತು ನಿಮಿಷ. ಆರಿದ್ರೆಯಲ್ಲಿ ಹೂಡುವುದು, ಪುನರ್ವಸು, ಪುಷ್ಯದಲ್ಲಿ ನಾಟಿ, ಆಶ್ಲೇಷದಲ್ಲಿ ಹೊಳೆ ದಾಟಬಾರದು. ಫೋನ್ ಸ್ಪೀಕರಿನಲ್ಲಿತ್ತು, ಕಳ್ಳನೂ ಯೋಧನೂ ಟಿಪ್ಪಣಿ ಬರೆದುಕೊಳ್ಳುತ್ತಿದ್ದರು. ಕೊನೆಗೆ ಅಮ್ಮ ಹೇಳಿದಳು: "ಈಗ ಹೆಸರು ಹೇಳಿದ ಹಾಗೆ ಮಳೆ ಎಲ್ಲಿ ಬರ್ತದೆ? ಗದ್ದೆಯೂ ಇಲ್ಲ, ಅಡಿಕೆ ಹಾಕಿ ಆಯ್ತು."

ಮಕ್ಕಳು ಒಂದು ನಿಮಿಷ ಸುಮ್ಮನಿದ್ದು ಹೊಸ ನಿಯಮ ಮಾಡಿದರು. ಪ್ರತಿ ನಕ್ಷತ್ರಕ್ಕೂ ಒಂದು ದಾಳ, ಬೆಸ ಬಿದ್ದರೆ ಮಳೆ ಇಲ್ಲ. ಪುನರ್ವಸುವಿಗೆ ಐದು ಬಿತ್ತು. ರಾತ್ರಿ ಹನ್ನೊಂದಾಗಿತ್ತು, ಆಟ ಅಲ್ಲಿಗೇ ನಿಂತಿತು.

ಮುಂದಿನ ಭಾನುವಾರ ಅಮ್ಮನೇ ಫೋನ್ ಮಾಡಿದಳು. ನನ್ನನ್ನು ಕೇಳಲಿಲ್ಲ, ಮೊಮ್ಮಗಳನ್ನು ಕರೆ ಎಂದಳು.

"ಏನೇ, ನಿಮ್ಮೂರಲ್ಲಿ ನಾಟಿ ಮುಗೀತೇನೇ?"

"ಎಲ್ಲಿ ಅಜ್ಜಿ, ಪುನರ್ವಸು ಕೈಕೊಡ್ತು."