ಫೋನಿನೊಳಗಿನ ಕಾಳು ಎಲ್ಲರದು, ಕೀಲಿಕೈ ಯಾರದು?

ಓದುವ ಮೊದಲು ಒಂದು ಸಣ್ಣ ಕೆಲಸ ಮಾಡಿ. ಫೋನಿನ ಸೆಟ್ಟಿಂಗ್ಸ್ ತೆರೆದು, ಕೆಳಗಿರುವ 'ಫೋನ್ ಬಗ್ಗೆ' ಎಂಬುದನ್ನು ಒತ್ತಿ. ಅದರೊಳಗೆ ಆಂಡ್ರಾಯ್ಡ್ ಆವೃತ್ತಿ ಇಲ್ಲವೇ ಸಾಫ್ಟ್‌ವೇರ್ ಮಾಹಿತಿ ಇರುವಲ್ಲಿ 'ಕರ್ನೆಲ್ ಆವೃತ್ತಿ' ಎಂಬ ಸಾಲು ಸಿಗುತ್ತದೆ. 4.14, 4.19, 5.10 ಹೀಗೆ ಏನೋ ಒಂದು ಅಂಕಿ ಇರುತ್ತದೆ. ಅದು ಲಿನಕ್ಸ್ ಕರ್ನೆಲ್‌ನ ಅಂಕಿ. ಆಂಡ್ರಾಯ್ಡ್ ಫೋನುಗಳಲ್ಲಷ್ಟೇ ಅಲ್ಲ, 2017ರಲ್ಲಿ ಬಂದ ಬಟನ್ ಜಿಯೋಫೋನಿನಲ್ಲೂ ಇರುವುದು ಲಿನಕ್ಸ್ ಕರ್ನೆಲ್ಲೇ.

ಕರ್ನೆಲ್ ಎಂದರೇನು? ಶೇಂಗಾ ಬೆಳೆಯುವ ನಮ್ಮ ಕಡೆಯವರಿಗೆ ಇದನ್ನು ಹೇಳುವುದು ಸುಲಭ. ಇಂಗ್ಲಿಷಿನಲ್ಲಿ ಶೆಲ್ ಎಂದರೆ ಸಿಪ್ಪೆ, ಕರ್ನೆಲ್ ಎಂದರೆ ಒಳಗಿನ ಕಾಳು. ಕಂಪ್ಯೂಟರ್ ಮಂದಿ ಇವೇ ಎರಡು ಹೆಸರುಗಳನ್ನು ತಮ್ಮ ಕೆಲಸಕ್ಕೂ ಇಟ್ಟುಕೊಂಡರು. ನಾವು ಒತ್ತುವ, ನೋಡುವ ಭಾಗವೆಲ್ಲ ಹೊರಗಿನದು. ಬ್ಯಾಟರಿ, ಕ್ಯಾಮೆರಾ, ಮೆಮೊರಿ, ಸಿಮ್ ಇವುಗಳ ಜೊತೆ ನೇರವಾಗಿ ವ್ಯವಹರಿಸುವುದು, ಯಾವ ಆ್ಯಪ್‌ಗೆ ಎಷ್ಟು ಹೊತ್ತು ಕೆಲಸ ಮಾಡಲು ಬಿಡಬೇಕೆಂದು ತೀರ್ಮಾನಿಸುವುದು ಒಳಗಿನ ಕಾಳು.

ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ನಮ್ಮ ಮಾಗಡಿ ಕೆರೆಗೆ ಬರುವುದು ಎಲ್ಲರಿಗೂ ಗೊತ್ತು. ಈ ಕರ್ನೆಲ್ ಅದಕ್ಕಿಂತ ದೂರದಿಂದ ನಮ್ಮ ಕಿಸೆಗೆ ಬಂದಿದೆ. ಇದನ್ನು ತೆಗೆದು ಬೇರೆಯದನ್ನು ಹಾಕಬಹುದೇ ಎಂಬ ಪ್ರಶ್ನೆಗೆ ನಲವತ್ತು ವರ್ಷಗಳ ಇತಿಹಾಸವಿದೆ.

ಕಾಳಿಲ್ಲದ ಸಿಪ್ಪೆ

1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 'ಗ್ನೂ' ಎಂಬ ಯೋಜನೆ ಘೋಷಿಸಿದರು. ಯಾರು ಬೇಕಾದರೂ ಬಳಸುವ, ತೆರೆದು ನೋಡುವ, ತಿದ್ದುವ, ಹಂಚುವ ಒಂದು ಪೂರ್ತಿ ಆಪರೇಟಿಂಗ್ ಸಿಸ್ಟಮ್ ಕಟ್ಟುವುದು ಅವರ ಉದ್ದೇಶ. 1990ರ ಹೊತ್ತಿಗೆ ಹೆಚ್ಚಿನ ಭಾಗಗಳು ಸಿದ್ಧವಾಗಿದ್ದವು, ಕರ್ನೆಲ್ ಮಾತ್ರ ಇರಲಿಲ್ಲ. 'ಹರ್ಡ್' ಎಂಬ ಹೆಸರಿನಲ್ಲಿ ಅದರ ಕೆಲಸ ಶುರುವಾಯಿತಾದರೂ ಬೇಗ ಮುಗಿಯಲಿಲ್ಲ.

1991ರಲ್ಲಿ ಫಿನ್‌ಲ್ಯಾಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ 21 ವರ್ಷದ ಲಿನಸ್ ಟೊರ್ವಾಲ್ಡ್ಸ್ ತನ್ನ ಕಂಪ್ಯೂಟರಿಗಾಗಿ ಒಂದು ಕರ್ನೆಲ್ ಬರೆದ. ಮೊದಲ ಆವೃತ್ತಿಯಲ್ಲಿ ಇದ್ದದ್ದು ಸುಮಾರು 10,000 ಸಾಲು. 1992ರಲ್ಲಿ ಅದನ್ನು ಗ್ನೂ ಯೋಜನೆಯ ಜಿಪಿಎಲ್ ಪರವಾನಗಿಯಡಿ ತಂದ. ಆ ಪರವಾನಗಿಯ ಕರಾರು ಸರಳ: ಇದನ್ನು ತಿದ್ದಿ ಇನ್ನೊಬ್ಬರಿಗೆ ಕೊಡುವವರು ತಿದ್ದಿದ ಮೂಲ ಕೋಡನ್ನೂ ಕೊಡಬೇಕು. ಗ್ನೂ ಸಿಪ್ಪೆಯೊಳಗೆ ಲಿನಕ್ಸ್ ಕಾಳು ಬಂದು ಕೂತಿತು.

ಅಂದರೆ ಈ ವ್ಯವಸ್ಥೆ ಹುಟ್ಟಿದ್ದೇ ಬದಲಿ ಕರ್ನೆಲ್‌ನಿಂದ. ಮುಂದೆಯೂ ಜನ ಕರ್ನೆಲ್ ಬದಲಿಸುತ್ತಲೇ ಹೋದರು. 1993ರಲ್ಲಿ ಆರಂಭವಾದ ಡೆಬಿಯನ್ ಎಂಬ ತಂಡ ಲಿನಕ್ಸ್ ಬದಲು ಫ್ರೀಬಿಎಸ್‌ಡಿ ಎಂಬ ಬೇರೊಂದು ಕರ್ನೆಲ್ ಹಾಕಿದ ಆವೃತ್ತಿಯನ್ನು 2011ರಲ್ಲಿ ಕೊಟ್ಟಿತು. ಟ್ರ್ಯಾಕ್ಟರಿನ ಬಾಡಿ ಅದೇ, ಎಂಜಿನ್ ಬೇರೆ. ಅದನ್ನು ನಡೆಸಿಕೊಂಡು ಹೋಗಲು ಸಾಕಷ್ಟು ಮಂದಿ ಸಿಗದೆ 2023ರಲ್ಲಿ ಆ ಕೆಲಸ ನಿಂತಿತು.

ವೈದ್ಯರೊಬ್ಬರ ಕರ್ನೆಲ್

ಲಿನಕ್ಸ್ ಒಳಗೂ ಬದಲಿಗಳು ಬಂದವು. ಆಸ್ಟ್ರೇಲಿಯಾದ ಕಾನ್ ಕೊಲಿವಾಸ್ ಆಪರೇಷನ್‌ಗೆ ಮೊದಲು ಅರಿವಳಿಕೆ ಕೊಡುವ ವೈದ್ಯರು. ಕರ್ನೆಲ್ ತಿದ್ದುವವರೆಲ್ಲ ದೊಡ್ಡ ಕಂಪನಿಗಳ ದೊಡ್ಡ ಯಂತ್ರಗಳನ್ನೇ ನೋಡುತ್ತಾರೆ, ಮನೆಯ ಕಂಪ್ಯೂಟರಿನಲ್ಲಿ ಹಾಡು ತಡವರಿಸುವುದು ಅವರ ಕಣ್ಣಿಗೆ ಬೀಳುವುದಿಲ್ಲ ಎಂಬುದು ಅವರ ತಕರಾರು. ತಾವೇ ಪ್ರೋಗ್ರಾಮಿಂಗ್ ಕಲಿತು 'ಸಿಕೆ' ಎಂಬ ತಿದ್ದುಪಡಿಗಳನ್ನು ಹಂಚತೊಡಗಿದರು. 2007ರಲ್ಲಿ ಮುಖ್ಯ ಕರ್ನೆಲ್‌ಗೆ ಅವರ ಕೋಡ್ ಬದಲು ಇಂಗೋ ಮೋಲ್ನಾರ್ ಬರೆದದ್ದು ಸೇರಿತು. ಸರದಿಯಲ್ಲಿ ಎಲ್ಲರಿಗೂ ಸಮಪಾಲು ಎಂಬ ವಿಚಾರ ಕೊಲಿವಾಸರಿಂದ ಬಂತೆಂದು ಮೋಲ್ನಾರ್ ಅವರೇ ಒಪ್ಪಿದರು. ಬೇಸರದಿಂದ ಬಿಟ್ಟುಹೋದ ವೈದ್ಯರು 2009ರಲ್ಲಿ ಇನ್ನೊಂದು ತಿದ್ದುಪಡಿಯೊಂದಿಗೆ ಮರಳಿದರು.

ಕಂಪ್ಯೂಟರಿನಲ್ಲಿ ಇಂಥ ಬದಲಿ ಕರ್ನೆಲ್ ಹಾಕುವುದು ಅಷ್ಟು ಅಪಾಯದ ಕೆಲಸವಲ್ಲ. ಹೊಸದು ಹಳೆಯದರ ಪಕ್ಕದಲ್ಲಿ ಕೂಡುತ್ತದೆ. ಯಂತ್ರ ಶುರುವಾಗುವಾಗ ಬರುವ ಪಟ್ಟಿಯಲ್ಲಿ ಎರಡೂ ಹೆಸರು ಕಾಣುತ್ತವೆ. ಹೊಸದು ಕೈಕೊಟ್ಟರೆ ಮತ್ತೆ ಶುರು ಮಾಡಿ ಹಳೆಯದನ್ನು ಆರಿಸಿದರೆ ಆಯಿತು. ಪರೀಕ್ಷೆ ಮಾಡಿ ನೋಡುವ ಧೈರ್ಯ ಜನರಿಗೆ ಬಂದದ್ದು ಹೀಗೆ.

ಬೆಂಗಳೂರಿನ ಸಿಂಪ್ಯೂಟರ್

ಈ ಇತಿಹಾಸದಲ್ಲಿ ಕರ್ನಾಟಕದ ಒಂದು ಅಧ್ಯಾಯವೂ ಇದೆ. 1998ರ ಅಕ್ಟೋಬರಿನಲ್ಲಿ ಬೆಂಗಳೂರು ಐಟಿ ಮೇಳದ ಸಂದರ್ಭದಲ್ಲಿ ನಡೆದ ವಿಚಾರ ಸಂಕಿರಣದಿಂದ, ಹಳ್ಳಿಯವರಿಗೆ ಅಂಗೈಯಗಲದ ಅಗ್ಗದ ಕಂಪ್ಯೂಟರ್ ಬೇಕು ಎಂಬ ವಿಚಾರ ಹೊರಟಿತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಕಂಪನಿಯ ವಿನಯ್ ದೇಶಪಾಂಡೆ ಮೊದಲಾದವರು ಸೇರಿ ಸಿಂಪ್ಯೂಟರ್ ಮಾಡಿದರು. 2001ರ ಏಪ್ರಿಲ್‌ನಲ್ಲಿ ಅದನ್ನು ಜನರ ಮುಂದಿಟ್ಟರು. ಗುರಿಯಿಟ್ಟ ಬೆಲೆ ಸುಮಾರು 9,000 ರೂಪಾಯಿ. ಬರೆದದ್ದನ್ನು ಕನ್ನಡದಂಥ ಭಾಷೆಗಳಲ್ಲಿ ಓದಿ ಹೇಳುವ ವ್ಯವಸ್ಥೆ ಅದರಲ್ಲಿತ್ತು. ಒಂದೇ ಯಂತ್ರವನ್ನು ಊರಿನ ಹಲವರು ತಮ್ಮ ತಮ್ಮ ಸ್ಮಾರ್ಟ್ ಕಾರ್ಡ್ ಹಾಕಿ ಬಳಸಬಹುದಿತ್ತು.

ಅದರೊಳಗೆ 206 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್ ಚಿಪ್ ಇತ್ತು. ಆ ಕಾಲದ ಕಾಂಪ್ಯಾಕ್ ಐಪ್ಯಾಕ್ ಎಂಬ ದುಬಾರಿ ಅಂಗೈ ಕಂಪ್ಯೂಟರಿನಲ್ಲೂ ಅದೇ ಚಿಪ್, ಆದರೆ ಮೈಕ್ರೋಸಾಫ್ಟ್ ವ್ಯವಸ್ಥೆ. ಐಪ್ಯಾಕ್ ಕೊಂಡ ಕೆಲವರು ಮೈಕ್ರೋಸಾಫ್ಟ್‌ನದನ್ನು ಅಳಿಸಿ ಲಿನಕ್ಸ್ ಹಾಕಿಕೊಳ್ಳುತ್ತಿದ್ದರು. ಬೆಂಗಳೂರಿನವರು ಮೊದಲೇ ಲಿನಕ್ಸ್ ಹಾಕಿದರು. ಪ್ರತಿ ಯಂತ್ರಕ್ಕೂ ಪರವಾನಗಿ ಹಣ ಕಟ್ಟುವುದು ತಪ್ಪಿತು, ಬೇಕಾದಂತೆ ತಿದ್ದುವ ದಾರಿಯೂ ಸಿಕ್ಕಿತು. ಯಂತ್ರದ ನಕ್ಷೆಗೂ ಜಿಪಿಎಲ್ ಮಾದರಿಯದೇ ಒಂದು ಪರವಾನಗಿ ಬರೆದರು.

2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಜೊತೆ ಸೇರಿ ಪಿಕೋಪೇಟಾ ಕಂಪನಿ 'ಅಮಿಡ' ಹೆಸರಿನಲ್ಲಿ ಅದನ್ನು ಮಾರಾಟಕ್ಕೆ ತಂದಿತು. ಆದರೆ ಅಂದುಕೊಂಡಷ್ಟು ಹೋಗಲಿಲ್ಲ. ಅಷ್ಟರಲ್ಲಿ ಮೊಬೈಲ್ ಫೋನ್ ಅಗ್ಗವಾಗಿತ್ತು. ಹಳ್ಳಿಯವರ ಕೈಯಲ್ಲಿ ಲಿನಕ್ಸ್ ಇರಬೇಕೆಂಬ ಅವರ ಮಾತು ಮಾತ್ರ ನಿಜವಾಯಿತು. 2008ರಲ್ಲಿ ಮೊದಲ ಆಂಡ್ರಾಯ್ಡ್ ಫೋನ್ ಬಂತು, ಕೆಲವೇ ವರ್ಷಗಳಲ್ಲಿ ಅದೇ ಕರ್ನೆಲ್ ಊರೂರಿಗೆ ಮುಟ್ಟಿತು.

ಕೋಡ್ ಕೊಟ್ಟರು, ಕೀಲಿಕೈ ಕೊಡಲಿಲ್ಲ

ಇಲ್ಲಿ ಒಂದು ಪೇಚು ಇದೆ. ಅಮೆರಿಕದಲ್ಲಿ ಟಿವೋ ಎಂಬ ಟಿವಿ ರೆಕಾರ್ಡರ್ ಇತ್ತು. ಅದರೊಳಗಿದ್ದದ್ದು ಲಿನಕ್ಸ್. ಕಂಪನಿ ಕರಾರಿನಂತೆ ಕೋಡ್ ಕೊಟ್ಟಿತು. ಆದರೆ ಕಂಪನಿಯ ಮೊಹರು ಇಲ್ಲದ ಕರ್ನೆಲ್ ಹಾಕಿದರೆ ಯಂತ್ರ ಓಡುತ್ತಿರಲಿಲ್ಲ. ಹೊಲ ನಿಮ್ಮ ಹೆಸರಿಗಿದೆ, ಗೇಟಿನ ಕೀಲಿ ಮಾತ್ರ ನಮ್ಮದು ಎಂದ ಹಾಗೆ. 2007ರ ಜೂನ್‌ನಲ್ಲಿ ಬಂದ ಜಿಪಿಎಲ್ 3ನೇ ಆವೃತ್ತಿ, ಜನ ಕೊಳ್ಳುವ ಇಂಥ ಸಾಧನಗಳಲ್ಲಿ ಬದಲಿ ಹಾಕಲು ಬೇಕಾದ ಕೀಲಿಕೈಯನ್ನೂ ಕೊಡಬೇಕು ಎಂದಿತು. ಟೊರ್ವಾಲ್ಡ್ಸ್ ಅದನ್ನು ಒಪ್ಪಲಿಲ್ಲ. ಲಿನಕ್ಸ್ ಕರ್ನೆಲ್ ಇಂದಿಗೂ 2ನೇ ಆವೃತ್ತಿಯಡಿಯಲ್ಲೇ ಇದೆ.

ನಿಮ್ಮ ಫೋನಿನ ಸ್ಥಿತಿಯೂ ಇದೇ. ಫೋನ್ ಆನ್ ಆದಾಗ ಮೊದಲು ಎದ್ದೇಳುವುದು ಬೂಟ್‌ಲೋಡರ್. ಅದು ಕಂಪನಿಯ ಮೊಹರು ನೋಡಿ ಕರ್ನೆಲ್ಲನ್ನು ಒಳಗೆ ಬಿಡುತ್ತದೆ. ಕೆಲವು ಕಂಪನಿಗಳು ಈ ಕೀಲಿ ತೆಗೆಯಲು ಬಿಡುತ್ತವೆ, ಕೆಲವು ಬಿಡುವುದಿಲ್ಲ. ತೆಗೆಯಲು ಬರುವ ಫೋನುಗಳಿಗಾಗಿ 2009ರಿಂದ ಸೈನೋಜೆನ್‌ಮಾಡ್, 2016ರ ಕೊನೆಯಿಂದ ಲೀನಿಯೇಜ್ ಓಎಸ್ ಎಂಬ ತಂಡಗಳು ಬದಲಿ ವ್ಯವಸ್ಥೆ ಕಟ್ಟಿ ಹಂಚಿದವು.

ಹಾಗಂತ ಇವತ್ತೇ ಫೋನ್ ಬಿಚ್ಚಲು ಹೋಗಬೇಡಿ. ಕೀಲಿ ತೆಗೆದ ಕೂಡಲೇ ಫೋನಿನಲ್ಲಿರುವ ಫೋಟೋ, ನಂಬರ್ ಎಲ್ಲ ಅಳಿಸುತ್ತದೆ. ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳು ನಿಲ್ಲಬಹುದು. ನಿಮ್ಮ ಮಾಡೆಲ್‌ಗೆ ಹೊಂದದ ಕರ್ನೆಲ್ ಹಾಕಿದರೆ ಫೋನ್ ಏಳದೇ ಹೋಗಬಹುದು. ಕಲಿಯುವ ಆಸೆ ಇರುವ ಹುಡುಗರು ಮೂಲೆಗೆ ಬಿದ್ದ ಹಳೆಯ ಕಂಪ್ಯೂಟರಿನಲ್ಲಿ ಲಿನಕ್ಸ್ ಹಾಕಿ, ಎರಡು ಕರ್ನೆಲ್ ಇಟ್ಟುಕೊಂಡು ನೋಡುವುದು ಒಳ್ಳೆಯದು.

ಆದರೆ ಕೀಲಿಕೈ ಯಾರ ಕೈಯಲ್ಲಿದೆ ಎಂಬುದು ಹುಡುಗರ ಹವ್ಯಾಸದ ಮಾತಷ್ಟೇ ಅಲ್ಲ. ಬೆಳೆ ಸಮೀಕ್ಷೆ, ಹಣದ ವ್ಯವಹಾರ, ಮಕ್ಕಳ ಪಾಠ ಎಲ್ಲ ಈಗ ಫೋನಿನ ಮೇಲಿದೆ. ಕರ್ನೆಲ್‌ನಲ್ಲಿ ತೂತು ಸಿಕ್ಕರೆ ಮುಚ್ಚುವವರು ಬೇಕು. ಕೆಲವು ಕರ್ನೆಲ್ ಆವೃತ್ತಿಗಳಿಗೆ 6 ವರ್ಷ ಆರೈಕೆ ಕೊಡುತ್ತೇವೆ ಎಂದು 2017ರಲ್ಲಿ ಹೇಳಿದ ತಂಡ, 2023ರಲ್ಲಿ ಅದನ್ನು 2 ವರ್ಷಕ್ಕೆ ಇಳಿಸುವುದಾಗಿ ಹೇಳಿತು. ಫೋನ್ ಕಂಪನಿ ಅಪ್‌ಡೇಟ್ ನಿಲ್ಲಿಸಿದ ಮೇಲೆ, ಕೀಲಿಯೂ ತೆಗೆಯಲು ಬರದಿದ್ದರೆ, ಯಾವ ತಂಡ ಮುಂದೆ ಬಂದರೂ ಆ ಫೋನಿಗೆ ಹೊಸ ಕರ್ನೆಲ್ ಹಾಕಲಾಗದು. ಪರದೆ ಚೆನ್ನಾಗಿದ್ದರೂ, ಬ್ಯಾಟರಿ ನಿಂತರೂ ಅದು ಹಳೆಯ ಸಾಮಾನು.

ಯುರೋಪಿನಲ್ಲಿ 2025ರ ಜೂನ್‌ನಿಂದ ಹೊಸ ನಿಯಮ ಬಂದಿದೆ: ಒಂದು ಮಾಡೆಲ್ ಮಾರಾಟ ನಿಂತ ಮೇಲೂ ಕನಿಷ್ಠ 5 ವರ್ಷ ಅಪ್‌ಡೇಟ್ ಸಿಗಬೇಕು. ನಮ್ಮ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಮೊಬೈಲ್ ಫೋನ್ ಮತ್ತು ಟ್ರ್ಯಾಕ್ಟರಿನಂಥ ಕೃಷಿ ಯಂತ್ರ ಎರಡೂ ಅದರ ವ್ಯಾಪ್ತಿಯಲ್ಲಿವೆ. ಪರದೆ, ಬ್ಯಾಟರಿ ಬದಲಿಸುವ ಹಕ್ಕಿನ ಜೊತೆ ಒಳಗಿನ ಕರ್ನೆಲ್ ಬದಲಿಸುವ ಹಕ್ಕನ್ನೂ ಕೇಳಬೇಕಾದ ಕಾಲ ಇದು.

ಮುಂದಿನ ಸಲ ಗದಗಿನಲ್ಲೋ ಲಕ್ಷ್ಮೇಶ್ವರದಲ್ಲೋ ಫೋನ್ ಕೊಳ್ಳಲು ನಿಂತಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳಿದ ಮೇಲೆ ಇನ್ನೆರಡು ಪ್ರಶ್ನೆ ಕೇಳಿ. ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆ? ಆಮೇಲೆ ಬೂಟ್‌ಲೋಡರ್ ಕೀಲಿ ತೆಗೆಯಲು ಕಂಪನಿ ಬಿಡುತ್ತದೆಯೇ? ಅಂಗಡಿಯವರಿಗೆ ಉತ್ತರ ಗೊತ್ತಿರಲಿಕ್ಕಿಲ್ಲ. ಹತ್ತು ಮಂದಿ ಕೇಳಿದರೆ ಹನ್ನೊಂದನೆಯವರಿಗೆ ತಿಳಿದುಕೊಂಡು ಹೇಳುತ್ತಾರೆ.