ಸ್ವರ್ಣೆಯ ಹೂಳು, ಕೆಮ್ಮಣ್ಣಿನ ನೆಲ

ಉಡುಪಿ ಬಳಿಯ ಕಲ್ಯಾಣಪುರವನ್ನು ದಾಟಿದ ಸ್ವರ್ಣಾ ನದಿ ನೇರವಾಗಿ ಕಡಲಿಗೆ ಬೀಳದೆ, ತೀರದ ಗುಂಟ ಉತ್ತರಕ್ಕೆ ತಿರುಗಿ, ಕೆಮ್ಮಣ್ಣು, ಹೂಡೆಗಳ ಮಗ್ಗುಲಲ್ಲಿ ಹರಿದು, ಕೋಡಿ ಬೆಂಗ್ರೆಯ ತುದಿಯಲ್ಲಿ ಸೀತಾ ನದಿಯೊಡನೆ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಹೊಳೆಗೂ ಕಡಲಿಗೂ ನಡುವೆ ಅಲೆಗಳು ಕಟ್ಟಿದ ಈ ನೀಳ ಮರಳಪಟ್ಟಿಯೇ ಬೆಂಗ್ರೆ. ಹೊಳೆಯೊಳಗೆ ಹೂಳು ನಿಂತು ಮೇಲೆದ್ದ ನಡುಗಡ್ಡೆ ಕುದ್ರು. ಪಡುಕುದ್ರು, ತಿಮ್ಮಣ್ಣಕುದ್ರುಗಳ ತೆಂಗಿನ ತೋಟಗಳೆಲ್ಲ ಘಟ್ಟದ ಬುಡದಿಂದ ಮಳೆನೀರು ಹೊತ್ತು ತಂದ ಮಣ್ಣಿನ ಮೇಲೆಯೇ ನಿಂತಿವೆ.

ಮುರಕಲ್ಲಿನ ನೆಲವನ್ನು ಕೊರೆದು ಬರುವ ಮುಂಗಾರಿನ ನೆರೆ ಕೆಂಪಾಗಿರುತ್ತದೆ. ಅಳಿವೆಯ ಬಳಿ ಹರಿವಿನ ವೇಗ ಕುಂದಿದಾಗ ದಪ್ಪ ಮರಳು ಮೊದಲು ತಳಕ್ಕಿಳಿಯುತ್ತದೆ; ಜೇಡಿಯ ಸೂಕ್ಷ್ಮ ಕಣಗಳಾದರೋ ಸಿಹಿನೀರಿನಲ್ಲಿ ಒಂದನ್ನೊಂದು ದೂಡುತ್ತ ತೇಲುತ್ತಿದ್ದು, ಉಪ್ಪುನೀರು ಬೆರೆತೊಡನೆ ಆ ವಿಕರ್ಷಣೆ ಕಳೆದು, ಅಂಟಿಕೊಂಡು ಮುದ್ದೆಗಟ್ಟಿ ಮುಳುಗುತ್ತವೆ. ಕುದ್ರುಗಳ ಅಂಚಿನ ಕೆಸರೂ, ಅದರಲ್ಲಿ ಹೆಕ್ಕುವ ಮರುವಾಯಿ ಎಂಬ ಚಿಪ್ಪುಜೀವಿಯೂ ಇದರ ಫಲ. ಉಳಿದ ಕಣಗಳು ಕಡಲಿಗೆ ಹೋಗಿ ನೀರನ್ನು ಕದಡುತ್ತವೆ. ದಡಕ್ಕೆ ತಾಗಿಕೊಂಡೇ ಬೆಳೆಯುವ ಅಂಚಿನ ಹವಳದಿಬ್ಬಗಳಿಗೆ ತಿಳಿನೀರೂ ಬೆಳಕೂ ಬೇಕಾದ್ದರಿಂದ, ಮಳೆಗಾಲದಲ್ಲಿ ಸಿಹಿನೀರೂ ಕೆಸರೂ ಮುಸುಕುವ ಈ ತೀರದಲ್ಲಿ ಅವು ಬೆಳೆಯಲಿಲ್ಲ. ಕರ್ನಾಟಕದಲ್ಲಿ ಹವಳವನ್ನು ಕಾಣಬೇಕಾದರೆ ಮುರುಡೇಶ್ವರದಾಚೆ, ತೀರದಿಂದ ದೂರವಿರುವ ನೇತ್ರಾಣಿ ದ್ವೀಪದ ಬಂಡೆಗಳತ್ತ ಹೋಗಬೇಕು.

ಹವಳಕ್ಕೆ ಒಗ್ಗದ ಈ ಹೂಳು ವ್ಯಾಪಾರಕ್ಕೂ ಪೂರ್ತಿ ಒಗ್ಗಿತ್ತೆನ್ನಲಾಗದು. ಆಳುಪರ ರಾಜಧಾನಿಯಾಗಿ, ಮುಂದೆ ವಿಜಯನಗರದ ಪ್ರಾಂತಾಡಳಿತದ ಕೇಂದ್ರವಾಗಿ ಮೆರೆದ ಬಾರಕೂರು ಸೀತಾ ನದಿಯ ಒಳಭಾಗದಲ್ಲಿದ್ದು, ಕಡಲಿಗೆ ಇದೇ ಅಳಿವೆಯ ದಾರಿಯನ್ನು ಅವಲಂಬಿಸಿತ್ತು. ರಾಜ್ಯಗಳ ಏಳುಬೀಳುಗಳನ್ನು ಶಾಸನಗಳಿಂದ ಲೆಕ್ಕ ಹಾಕುವ ಚರಿತ್ರೆ ಅಳಿವೆಯ ಆಳವನ್ನು ವಿಚಾರಿಸುವುದು ಕಡಿಮೆ. ಅಳಿವೆಗೆ ಹತ್ತಿರದ ಹಂಗಾರಕಟ್ಟೆಯಲ್ಲಿ ಮಂಜಿಗಳು, ಅಂದರೆ ಹಾಯಿಕಟ್ಟಿದ ಸರಕುದೋಣಿಗಳು, ತಂಗುತ್ತಿದ್ದುದು ಹೂಳಿನ ಮೇಲೆ ನೀರೇರುವ ಭರತದ ಹೊತ್ತು ನೋಡಿಯೇ. ಹೊಳೆಗಳು ತರುವ ಇಂಥದೇ ಜೇಡಿ ಕರಾವಳಿಯಲ್ಲಿ ಮತ್ತೊಂದು ಕಸುಬನ್ನು ಹುಟ್ಟಿಸಿತು: 1865ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆ ನದೀಮಣ್ಣನ್ನು ಆಧರಿಸಿತ್ತು, ಮುಂದೆ ಮಲ್ಪೆಯಲ್ಲೂ ಮಿಷನ್ನಿನ ಹಂಚು ತಯಾರಾಯಿತು.

ಈಗ ಸ್ವರ್ಣೆಯ ನೀರನ್ನು ಉಡುಪಿ, ಮಣಿಪಾಲಗಳ ಬಾಯಾರಿಕೆಗಾಗಿ ಬಜೆಯಲ್ಲಿ ಕಟ್ಟೆ ಹಾಕಿ ನಿಲ್ಲಿಸಲಾಗಿದೆ. ಕೆಳಗೆ, ದೋಣಿಯ ದಾರಿಗೆ ಅಡ್ಡ ಬರುವ ದಿಬ್ಬಗಳನ್ನು ತೆರವುಗೊಳಿಸುವ ಹೆಸರಿನಲ್ಲಿ, ಯಂತ್ರಗಳಿಲ್ಲದೆ ಬುಟ್ಟಿಯಿಂದ ಮರಳೆತ್ತಲು ಕರಾವಳಿ ನಿಯಂತ್ರಣ ವಲಯದ ನಿಯಮ ಅವಕಾಶ ಕೊಡುತ್ತದೆ. ಕುದ್ರುವಿನವರ ದೃಷ್ಟಿಯಿಂದ ನೋಡಿದರೆ ದಿಬ್ಬ ಯಾವುದು, ದಂಡೆಯ ಆಸರೆ ಯಾವುದು ಎಂಬುದೇ ತಕರಾರಿನ ವಿಷಯ.